ರವದಿ ಸುಡಬೇಡಿ ಅಂತೀರಿ, ಸರಿ. ಆಮೇಲೆ?

ಮಾನ್ಯರೇ,

ಕಬ್ಬಿನ ರವದಿಗೆ, ಅಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ, ಬೆಂಕಿ ಹಚ್ಚಬೇಡಿ ಅಂತ ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಬರುತ್ತದೆ. ಒಪ್ಪಿದೆ. ಆದರೆ ಸುಡದೆ ಬಿಟ್ಟ ರವದಿಯನ್ನು ಯಾವಾಗ ಮಣ್ಣಿಗೆ ಸೇರಿಸಬೇಕು ಅನ್ನೋದನ್ನು ಯಾರೂ ಬಿಡಿಸಿ ಹೇಳಲ್ಲ. ಹೋದ ವರ್ಷ ನಾನು ಎಡವಿದ್ದು ಅಲ್ಲೇ.

ನಮ್ಮದು ಮುಧೋಳ ಕಡೆಯ ಎರೆ (ಕಪ್ಪು ಮಣ್ಣಿನ) ಹೊಲ. ಎರಡನೇ ಕೂಳೆ ಕಬ್ಬು (ಕಡಿದ ಬುಡದಿಂದಲೇ ಮತ್ತೆ ಚಿಗುರಿದ ಬೆಳೆ) ಕಾರ್ಖಾನೆಗೆ ಹೋದ ಮೇಲೆ ಗೋವಿನಜೋಳ ಹಾಕೋಣ ಅಂತಿದ್ದೆ. ಎಕರೆಗೆ 3-4 ಟನ್ ರವದಿ ಬಿದ್ದಿತ್ತು. ಪಕ್ಕದ ಹೊಲದವರು ಒಂದೇ ಸಂಜೆ ಕಡ್ಡಿ ಗೀರಿ ಕೈ ತೊಳೆದುಕೊಂಡರು. ನಾನು ದೊಡ್ಡ ಶಾಣ್ಯಾನ ಹಾಗೆ ಸುಡದೆ ಬಿಟ್ಟೆ, ಏಪ್ರಿಲ್ ಹೋಯ್ತು, ಮೇ ಹೋಯ್ತು, ರೋಹಿಣಿ ಮಳೆ ಬಿದ್ದ ಮೇಲೆ ಎಚ್ಚರಾಗಿ, ನೆಲ ಇನ್ನೂ ಹಸಿ ಇರುವಾಗಲೇ ಟ್ರ್ಯಾಕ್ಟರ್‌ನವರ ಬೆನ್ನು ಹತ್ತಿ ರೋಟಾವೇಟರ್ ಹೊಡೆಸಿದೆ. ಎಂಟು ದಿನಕ್ಕೆ ಬಿತ್ತಿದೆ.

20 ದಿನಕ್ಕೆ ಪೈರೆಲ್ಲ ಹಳದಿ. ಅಂಗಡಿಯವರು ಜಿಂಕ್ ಕಮ್ಮಿ ಅಂದರು, ಅದನ್ನೂ ಹೊಡೆದೆ, ದುಡ್ಡು ಹೋಯ್ತು ಅಷ್ಟೇ. ಕೊನೆಗೆ ಒಂದು ಗಿಡ ಅಗೆದು ನೋಡಿದೆ. ನಾಲ್ಕು ಬೆರಳು ಕೆಳಗೆ ರವದಿ ಚಾಪೆ ಹಾಸಿದಂತೆ ಕೂತಿದೆ, ಬೇರು ಅದಕ್ಕೆ ತಾಗಿ ಅಡ್ಡ ಹೊರಳಿದೆ, ಹಸಿಯಲ್ಲೇ ಹೊಡೆಸಿದ್ದಕ್ಕೆ ಸುತ್ತ ಇಟ್ಟಿಗೆಯಂಥ ಹೆಂಟೆ. ರವದಿ ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು, ರವದಿಯಲ್ಲಿ ಅದು ಇರೋದೇ ಕಮ್ಮಿ, ಹಾಗಾಗಿ ಮಣ್ಣಲ್ಲಿದ್ದದ್ದನ್ನು ಅವು ತಿಂದು ಕೂರುತ್ತವೆ. ಪೈರಿಗೆ ಉಪವಾಸ.

ಈ ವರ್ಷ ಇನ್ನೊಂದು ತುಂಡಿನಲ್ಲಿ ಕಬ್ಬು ಹೋದ ವಾರವೇ ಮಲ್ಚರ್ ಹಾಕಿಸಿ ರವದಿ ಚೂರು ಮಾಡಿಸಿದೆ. ಎಕರೆಗೆ ಒಂದು ಚೀಲ, ಅಂದರೆ 45 ಕೆ.ಜಿ. ಯೂರಿಯಾ ಎರಚಿ, ಸಗಣಿ ನೀರು ಚೆಲ್ಲಿ, ಒಂದು ನೀರು ಹಾಯಿಸಿ, ಹದ ಬಂದ ಮೇಲೆ ಮಣ್ಣು ಮಗುಚುವ ಪಲ್ಟಿ ನೇಗಿಲು ಹೊಡೆಸಿದೆ. ಹದ ನೋಡೋದು ನಮ್ಮಪ್ಪ ಕಲಿಸಿದ್ದು: ಒಂದು ಹಿಡಿ ಮಣ್ಣು ತಗೊಂಡು ಅಂಗೈಯಲ್ಲಿ ಬತ್ತಿ ಹೊಸೆಯಿರಿ. ಬತ್ತಿ ಬಂತೋ, ಟ್ರ್ಯಾಕ್ಟರ್ ವಾಪಸ್ ಕಳಿಸಿ. ಪುಡಿಯಾದರೆ ಮಾತ್ರ ಇಳಿಸಿ. ಮಿರಗದ (ಜೂನ್‌ನ ಮೃಗಶಿರಾ ಮಳೆಯ) ಹೊತ್ತಿಗೆ ರವದಿ ಕರ್ರಗಾಗಿ ಕೈಯಲ್ಲಿ ಹಿಸುಕಿದರೆ ಉದುರುತ್ತಿತ್ತು.

ಗೋವಿನಜೋಳದ ಮೇಲೆ ಗೋವಿನಜೋಳವನ್ನೇ ಹಾಕುವವರಿಗೂ ಬೇಸಿಗೆ ನೇಗಿಲು ಒಳ್ಳೆಯದೇ. 2018ರಿಂದ ಕಾಡುತ್ತಿರುವ ಸೈನಿಕ ಹುಳುವಿನ ಕೋಶ (ಹುಳು ಪತಂಗವಾಗುವ ಮುಂಚಿನ ಹಂತ) ಮಣ್ಣಿನ ಮೇಲ್ಪದರದಲ್ಲೇ ಇರುತ್ತದೆ. ಮಣ್ಣು ಮಗುಚಿದರೆ ಬಿಸಿಲಿಗೆ ಸಾಯುತ್ತದೆ, ಉಳಿದದ್ದು ಟ್ರ್ಯಾಕ್ಟರ್ ಹಿಂದೆ ಸಾಲು ಹಿಡಿಯುವ ಬೆಳ್ಳಕ್ಕಿಗಳ ಪಾಲು.

ಹಾಗಂತ ಸುಟ್ಟವರನ್ನು ನಾನು ಬೈಯಲ್ಲ. ಬಾಡಿಗೆ ಮಲ್ಚರ್‌ಗೆ ನಾನು ಕಾದದ್ದು ಆರು ದಿನ, ಅದೂ ದಿನಕ್ಕೆ ಎರಡು ಸಲ ಫೋನ್ ಮಾಡಿ. ಕಬ್ಬು ಕಡಿಯುವ ಹಂಗಾಮು ಮುಗಿಯುವಾಗ ಎಲ್ಲರಿಗೂ ಒಟ್ಟಿಗೇ ಬೇಕಲ್ವಾ? ಬೆಂಕಿ ಹಚ್ಚಬೇಡಿ ಅಂತ ಬ್ಯಾನರ್ ಕಟ್ಟುವವರು ಮಾರ್ಚ್, ಏಪ್ರಿಲ್‌ನಲ್ಲಿ ಹೋಬಳಿಗೆ ಇನ್ನೆರಡು ಮಲ್ಚರ್ ಕಳಿಸಲಿ.

– ಒಬ್ಬ ರೈತ, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ