ಯಾರ ಹಂಗೂ ಬೇಡ ಅಂತ ಹೊರಟವರು

ಮಾನ್ಯ ಸಂಪಾದಕರೇ,

ಒಂಟಿತನದ ಬಗ್ಗೆ ನಿಮ್ಮ ಪತ್ರಿಕೇಲಿ ಬಂದ ಲೇಖನ ಓದಿದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಲ್ಲಿ ಆರು ಜನಕ್ಕೆ ಒಬ್ರನ್ನ ಒಂಟಿತನ ಕಾಡ್ತಿದೆ, ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವಿಗೆ ಅದರ ನಂಟಿದೆ ಅಂತ ಓದಿ ಎದೆ ಝಲ್ ಅಂತು. ಆದ್ರೆ ಕೊನೇಲಿ ಕೊಟ್ಟ ಸಲಹೆಗಳನ್ನ ನೋಡಿ ಬೇಜಾರಾಯ್ತು, ಕ್ಲಬ್ ಸೇರಿ, ಯಾವುದಾದ್ರೂ ಕ್ಲಾಸಿಗೆ ಹೋಗಿ, ಆ್ಯಪ್ ಹಾಕ್ಕೊಳ್ಳಿ. ಎಲ್ಲಾ ದುಡ್ಡು ಕೊಟ್ಟು ತಗೊಳ್ಳೋವೇ. ನನಗನ್ಸೋದು ಈ ಕಾಯಿಲೆ ಶುರುವಾಗಿದ್ದೇ ಅಲ್ಲಿಂದ.

ಹೋದ ವರ್ಷ ನಾನು ಜ್ವರ ಬಂದು ಹನ್ನೊಂದು ದಿನ ಮಲಗಿದ್ದೆ. ಮಾತ್ರೆ ಬೇಕಾ, ಫೋನ್ ಒತ್ತಿದ್ರೆ ಬಾಗಿಲಿಗೆ ಬರ್ತಿತ್ತು, ಡಾಕ್ಟ್ರು ವಿಡಿಯೋದಲ್ಲೇ ಸಿಕ್ಕಿದ್ರು, ರಕ್ತ ತಗೊಳ್ಳೋಕೂ ಮನೆಗೇ ಬಂದ್ರು, ಒಂದಕ್ಕೂ ತೊಂದ್ರೆ ಆಗ್ಲಿಲ್ಲ. ಹುಷಾರಾಗಿ ಹೊರಗೆ ಬಂದಾಗ ಪಕ್ಕದ ಮನೆಯವರು "ಊರಲ್ಲಿ ಇರ್ಲಿಲ್ವಾ?" ಅಂದ್ರು. ನಮ್ಮಿಬ್ರ ಮಧ್ಯೆ ಇರೋದು ಒಂದೇ ಗೋಡೆ. ಅವರದ್ದು ತಪ್ಪು ಅಂತ ಖಂಡಿತ ಹೇಳಲ್ಲ, ಯಾಕಂದ್ರೆ ನಾನೂ ಕರೀಲಿಲ್ಲ, ಕರೆಯೋ ಅಗತ್ಯಾನೇ ಬರ್ಲಿಲ್ಲ.

"ಯಾರ ಹಂಗೂ ಇಲ್ದೆ ಬದುಕಬೇಕು" ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ತೀವಿ. ಹಂಗು ಅಂದ್ರೆ ಭಾರ ಅಂತ್ಲೇ ಕಲ್ತಿದ್ದೀವಿ. ಆದ್ರೆ ನೀನು ನನ್ನ ಮಗೂನ ಒಂದು ಸಂಜೆ ನೋಡ್ಕೊಂಡೆ, ನಾಳೆ ನಿನ್ನ ಅಮ್ಮನ್ನ ಆಸ್ಪತ್ರೆಗೆ ನಾನು ಕರ್ಕೊಂಡು ಹೋಗ್ತೀನಿ, ಹೀಗೆ ಲೆಕ್ಕ ಯಾವತ್ತೂ ಪೂರ್ತಿ ಚುಕ್ತಾ ಆಗದೇ ಉಳಿಯೋದ್ರಿಂದ್ಲೇ ಅಲ್ವಾ ಇವರು ನಮ್ಮೋರು ಅನ್ನೋ ಭಾವನೆ ಹುಟ್ಟೋದು? ದುಡ್ಡು ಕೊಟ್ಟ ಕೂಡ್ಲೇ ಲೆಕ್ಕ ಮುಗೀತು, ಅವನಿಗೆ ನಾನ್ಯಾರೋ, ನನಗೆ ಅವನ್ಯಾರೋ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಇಸ್ರೇಲಿನ ಹೈಫಾದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಹತ್ತು ಡೇ ಕೇರ್‌ಗಳಲ್ಲಿ ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದ್ರು. ಮಕ್ಕಳನ್ನ ಕರ್ಕೊಂಡು ಹೋಗೋಕೆ ಲೇಟಾಗಿ ಬರೋ ಅಪ್ಪ ಅಮ್ಮಂದಿರಿಗೆ ಅದ್ರಲ್ಲಿ ಆರು ಕಡೆ ದಂಡ ಹಾಕಿದ್ರು. ಲೇಟಾಗಿ ಬರೋದು ಕಮ್ಮಿ ಆಗೋ ಬದ್ಲು ಸುಮಾರು ಎರಡು ಪಟ್ಟಾಯ್ತು. ಮೊದ್ಲು ಟೀಚರ್ ಕಾಯ್ತಿರ್ತಾರಲ್ಲಾ ಅನ್ನೋ ಸಂಕೋಚ ಇತ್ತು, ಈಗ ಆ ಟೈಮನ್ನ ದುಡ್ಡು ಕೊಟ್ಟು ಕೊಂಡಂಗಾಯ್ತು. ನನ್ನ ತಲೇಲಿ ಕೂತಿರೋದು ಆಮೇಲಿನ ಮಾತು: ದಂಡ ತೆಗೆದ ಮೇಲೂ ಜನ ಹಳೇ ಥರ ಆಗ್ಲಿಲ್ಲ. ಹೋದ ಸಂಕೋಚ ವಾಪಸ್ ಬರ್ಲಿಲ್ಲ.

ಹಿಂದೆ ಎಲ್ಲಾ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಬಡವರಿಗೆ, ಹೆಣ್ಮಕ್ಕಳಿಗೆ ಹಂಗು ಅಂದ್ರೆ ಎಷ್ಟೋ ಕಡೆ ಗುಲಾಮಗಿರಿನೇ ಆಗಿತ್ತು, ಕೈಯಲ್ಲಿ ದುಡ್ಡು ಬಂದ್ಮೇಲೇ ಅವರು ಉಸಿರಾಡಿದ್ದು. ಅದನ್ನ ಯಾರೂ ಕಿತ್ಕೋಬಾರ್ದು. ಆದ್ರೆ ಆ ಬಿಡುಗಡೆ ಜೊತೆಗೆ ಪಕ್ಕದವರ ಹತ್ರ ಬಾಯ್ಬಿಟ್ಟು ಕೇಳೋದನ್ನೂ ಬಿಟ್ವಲ್ಲ ಅನ್ನೋದೇ ನನ್ನ ಸಂಕಟ. ಈಗ ನೋಡಿ, ಫೋನ್ ಕೊಂಡ್ರೆ "ನಮ್ಮ ಫ್ಯಾಮಿಲಿಗೆ ಸ್ವಾಗತ" ಅಂತ ಮೆಸೇಜ್ ಬರುತ್ತೆ, ಜಿಮ್ ಸೇರಿದ್ರೆ "ಕಮ್ಯುನಿಟಿ", ಕಂತು ಕಟ್ಟೋದು ನಿಲ್ಲಿಸಿದ ದಿನ ಆ ಫ್ಯಾಮಿಲೀಲಿ ಒಬ್ರೂ ಹೇಗಿದ್ದೀರ ಅಂತ ಕೇಳಲ್ಲ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನಕ್ಕೆ ಅಂತಾನೇ ಮಂತ್ರಿಗಳನ್ನ ನೇಮಿಸಿದ್ವು, ಒಳ್ಳೇದೇ, ಆದ್ರೆ ಪಕ್ಕದ ಮನೆ ಬಾಗಿಲು ನಾವೇ ತಟ್ಟಬೇಕು.

ಜ್ವರ ಬಿಟ್ಟ ಮೇಲೆ ನಾನೂ ತಟ್ಟಿದೆ. ಬಲ್ಬ್ ಬದಲಾಯಿಸೋಕೆ ಏಣಿ ಬೇಕಿತ್ತು, ಆರ್ಡರ್ ಮಾಡೋಣ ಅಂತ ಫೋನ್ ತೆಗೆದವನು ಹಾಗೇ ಇಟ್ಟು ಅವರನ್ನ ಕೇಳೋಕೆ ಹೋದೆ, ನಿಜ ಹೇಳ್ಬೇಕಂದ್ರೆ ಬೆಲ್ ಒತ್ತೋಕೆ ಸುಮಾರು ಹೊತ್ತು ಹಿಂಜರಿದೆ. ಅವರು ಏಣಿ ಕೊಟ್ಟಿದ್ದಷ್ಟೇ ಅಲ್ಲ, ಬಂದು ಕೆಳಗೆ ಹಿಡ್ಕೊಂಡು ನಿಂತ್ರು. ಮುಂದಿನ ವಾರ ಅವರೇ ಬಂದು, ನಾಲ್ಕು ದಿನ ಇರಲ್ಲ, ಮನೆ ಕೀ ನಿಮ್ಮ ಹತ್ರ ಇರ್ಲಿ ಅಂತ ಕೊಟ್ಟು ಹೋದ್ರು.

ಇಂತಿ,
ನಿಮ್ಮ ಒಬ್ಬ ಓದುಗ