ಅದು ಬಣವೆ ಅಲ್ಲ ಕಣೋ, ಮೆದೆ

ಪ್ರೀತಿಯ ಶಿವು,

ಕೆರೆ ಏರಿ ಮೇಲೆ ಕೂತು ಬಿಡಿಸಿದ ಚಿತ್ರದ ಫೋಟೋ ಕಳಿಸಿದ್ದೆಯಲ್ಲ, ನಿನ್ನೆ ರಾತ್ರಿ ಅದನ್ನು ಮತ್ತೆ ತೆಗೆದು ನೋಡಿದೆ. ನಿಮ್ಮ ಭಾವ ಅದನ್ನು ನೋಡಿ ‘ಪೂರ್ತಿ ಮಾಡಿ ಆಮೇಲೆ ತೋರಿಸಪ್ಪ’ ಅಂದರು ಅಂತ ಬರೆದಿದ್ದೀಯ. ಬೇಜಾರು ಮಾಡಿಕೊಳ್ಳಬೇಡ. ಹೆಚ್ಚುಕಡಿಮೆ ಇದೇ ಮಾತು 150 ವರ್ಷದ ಹಿಂದೆ ಪ್ಯಾರಿಸ್ಸಿನ ಪೇಪರಿನಲ್ಲಿ, ‘ಇಂಪ್ರೆಷನಿಸ್ಟರು’ ಅನ್ನಿಸಿಕೊಂಡ ಚಿತ್ರಗಾರರ ಬಗ್ಗೆ ಅಚ್ಚಾಗಿತ್ತು. ಅದನ್ನು ಹೇಳೋಣ ಅಂತಲೇ ಈ ಕಾಗದ.

ಹೋದ ಭಾನುವಾರ ಇಲ್ಲಿ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದೆ. 1893ರಲ್ಲಿ ವಿವೇಕಾನಂದರು ಭಾಷಣ ಮಾಡಿದ್ದು ಇದೇ ಕಟ್ಟಡದಲ್ಲಿ. ಊರಿಂದ ಯಾರು ಬಂದರೂ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಂಡು, ಕೈ ಮುಗಿದು, ಹಾಗೇ ಊಟಕ್ಕೆ ಹೋಗಿಬಿಡುತ್ತಾರೆ. ನಾನೂ ಎರಡು ವರ್ಷ ಅಷ್ಟೇ ಮಾಡಿದ್ದು. ಈ ಸಲ ಒಬ್ಬನೇ ಇದ್ದೆ, ಸುಮ್ನೆ ಮಹಡಿ ಹತ್ತಿದೆ.

ಅಲ್ಲಿ ಫ್ರಾನ್ಸಿನ ಚಿತ್ರಗಾರ ಕ್ಲೋದ್ ಮೋನೆಯ ಚಿತ್ರಗಳಿವೆ. ಒಂದೇ ವಸ್ತು, ಮತ್ತೆ ಮತ್ತೆ. ಜನ ಇವನ್ನು ‘ಹೇಸ್ಟ್ಯಾಕ್ಸ್’ ಅಂತಾರೆ, ಅಂದರೆ ಹುಲ್ಲಿನ ಬಣವೆ. ನನಗೆ ನೋಡಿದ ತಕ್ಷಣ ಅನುಮಾನ ಬಂತು. ಬುಡ ಗುಂಡಗೆ, ಮೇಲೆ ಕುಲಾವಿ ಹಾಕಿದ ಹಾಗೆ ಚೂಪು. ಬರೀ ಹುಲ್ಲಿಗೆ ಯಾರು ಇಷ್ಟು ನಾಜೂಕಾಗಿ ಸೂರು ಮಾಡುತ್ತಾರೆ? ಪಕ್ಕದ ಚೀಟಿ ಓದಿದರೆ ‘ಗೋಧಿ’ ಅಂತಲೇ ಇತ್ತು. ಕೊಯ್ದ ಗೋಧಿಯನ್ನು ಒಕ್ಕಣೆ ಆಗುವ ತನಕ ತೆನೆ ನೆನೆಯದ ಹಾಗೆ ಒಟ್ಟಿಟ್ಟಿದ್ದು. ಬಣವೆ ಅಲ್ಲ ಕಣೋ, ಮೆದೆ! ಕಾಳು ಒಳಗಿದ್ದರೆ ಮೆದೆ, ಕಾಳು ಹೋಗಿ ಹುಲ್ಲು ಉಳಿದರೆ ಬಣವೆ. ಈ ವ್ಯತ್ಯಾಸ ನಮ್ಮ ಅಜ್ಜಿಗೆ ಹೇಳಿಕೊಡಬೇಕಿರಲಿಲ್ಲ. ಇಂಗ್ಲಿಷಿನವರು ಮಾತ್ರ ಇವತ್ತಿಗೂ ‘ಹುಲ್ಲು’ ಅಂತಲೇ ಕರೆಯುತ್ತಿದ್ದಾರೆ.

ಹಿಮ ಬಿದ್ದ ಮೆದೆಯ ಚಿತ್ರ ಒಂದಿದೆ, ಹೊತ್ತು ಮುಳುಗುವ ಹೊತ್ತು. ಹತ್ತಿರ ಹೋದೆ. ಮೆದೆಯೂ ಇಲ್ಲ, ಹಿಮವೂ ಇಲ್ಲ. ಕಿತ್ತಳೆ, ಗುಲಾಬಿ, ತಿಳಿ ನೀಲಿ, ಒಂದರ ಮೇಲೊಂದು ಎಳೆದ ಗೀರುಗಳು. ಕೆಲವು ಕಡೆ ಬಣ್ಣ ಸಗಣಿ ಸಾರಿಸಿದ ನೆಲದ ಹಾಗೆ ತರಿತರಿಯಾಗಿ ಒಣಗಿದೆ. ಕಾವಲಿನವನು ಕೆಮ್ಮಿದ, ಹಿಂದೆ ಸರಿದೆ. ನಾಲ್ಕು ಹೆಜ್ಜೆ ಹಿಂದೆ ಬಂದ ಮೇಲೆ ಚಳಿ ಕಾಣಿಸಿತು. ನೆರಳು ಕಪ್ಪಲ್ಲ, ನೀಲಿ. ಹೊರಗೆ ಬಂದು ಪಾರ್ಕಿನ ಹಿಮದ ಮೇಲೆ ಮರದ ನೆರಳು ನೋಡಿದೆ. ಹೌದು, ನೀಲಿಯೇ. ಇಷ್ಟು ವರ್ಷ ಏನು ನೋಡುತ್ತಿದ್ದೆನೋ.

ಮೋನೆಯ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ಚಿತ್ರಗಾರ ಬದುಕಬೇಕಾದರೆ ಸಲೋನ್ ಅನ್ನುವ ಸರ್ಕಾರಿ ಪ್ರದರ್ಶನಕ್ಕೆ ಆಯ್ಕೆ ಆಗಬೇಕಿತ್ತು. ಪುರಾಣದ್ದೋ ಇತಿಹಾಸದ್ದೋ ಒಂದು ಪ್ರಸಂಗ, ಕುಂಚದ ಗುರುತೇ ಕಾಣದ ನುಣುಪು, ಇದು ಅಲ್ಲಿನ ಲೆಕ್ಕ. 1863ರಲ್ಲಿ ತೀರ್ಪುಗಾರರು ಎಷ್ಟು ಚಿತ್ರ ವಾಪಸ್ ಕಳಿಸಿದರೆಂದರೆ, ಗಲಾಟೆ ತಡೆಯಲಾರದೆ ಚಕ್ರವರ್ತಿ ಮೂರನೇ ನೆಪೋಲಿಯನ್ನೇ ‘ತಿರಸ್ಕಾರ ಆದವನ್ನೂ ಬೇರೆಯಾಗಿ ತೂಗುಹಾಕಿ’ ಅಂದ. ಅದರ ಹಿಂದಿನ ವರ್ಷ ಮೋನೆ, ರೆನ್ವಾರ್, ಸಿಸ್ಲಿ, ಬಜೀಲ್ ಅನ್ನುವ ನಾಲ್ಕು ಹುಡುಗರು ಗ್ಲೇರ್ ಎಂಬ ಮೇಷ್ಟ್ರ ಹತ್ತಿರ ಕಲಿಯುತ್ತಾ ಸ್ನೇಹಿತರಾಗಿದ್ದರು. ಇವರಿಗೆ ಬಯಲಲ್ಲೇ ಕೂತು ಬಿಡಿಸುವ ಹುಚ್ಚು.

ಹುಚ್ಚಿದ್ದರೆ ಸಾಕೇ? ಬಣ್ಣ ಹೊತ್ತುಕೊಂಡು ಹೋಗಬೇಕಲ್ಲ. ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ತುಂಬಿ ಕಟ್ಟಿಡುತ್ತಿದ್ದರು. ಮೊಳೆಯಿಂದ ಚುಚ್ಚಿ ಹಿಂಡಿಕೊಳ್ಳಬೇಕು, ತೂತು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. 1841ರಲ್ಲಿ ಜಾನ್ ಗಾಫ್ ರ್‍ಯಾಂಡ್ ಅನ್ನುವ ಅಮೆರಿಕದ ಚಿತ್ರಗಾರ ತವರದ ಟ್ಯೂಬಿಗೆ ಪೇಟೆಂಟ್ ತೆಗೆದುಕೊಂಡ. ನೀನು ದಿನಾ ಬೆಳಗ್ಗೆ ಹಿಂಡುವ ಟೂತ್‌ಪೇಸ್ಟ್ ಟ್ಯೂಬಿಗೆ ಅದೇ ಅಜ್ಜ. ಟ್ಯೂಬು ಇಲ್ಲದಿದ್ದರೆ ನಾವೂ ಇರುತ್ತಿರಲಿಲ್ಲ ಅಂತ ರೆನ್ವಾರ್ ಮುಪ್ಪಿನಲ್ಲಿ ಮಗನ ಹತ್ತಿರ ಹೇಳುತ್ತಿದ್ದನಂತೆ. ಅದರ ಜೊತೆಗೆ ರೈಲು. ಸ್ಯಾಂ ಲಜಾರ್ ಸ್ಟೇಷನ್ನಿನಲ್ಲಿ ಹತ್ತಿದರೆ ಸ್ವಲ್ಪ ಹೊತ್ತಿಗೆ ಸೇನ್ ನದಿ ದಡದ ಹಳ್ಳಿಗಳು. ಪ್ರತಿಭೆ ಪ್ರತಿಭೆ ಅಂತ ಎಲ್ಲರೂ ಬರೆಯುತ್ತಾರೆ, ಟ್ಯೂಬು ಮತ್ತು ಟಿಕೆಟ್ ಬಗ್ಗೆ ಬರೆಯುವವರು ಕಮ್ಮಿ.

1870ರಲ್ಲಿ ಪ್ರಷ್ಯಾ ಜೊತೆ ಯುದ್ಧ ಬಂತು. ಬಜೀಲ್ ಸೈನ್ಯಕ್ಕೆ ಸೇರಿ ಸತ್ತ. ಇನ್ನೂ 28 ವರ್ಷ. ಇವರ ಗುಂಪಿನ ಇನ್ನೊಬ್ಬ ಚಿತ್ರಗಾರ ಪಿಸಾರೊ ಸಂಸಾರ ಸಮೇತ ಲಂಡನ್ನಿಗೆ ಓಡಿದ. ತಿರುಗಿ ಬಂದು ನೋಡಿದರೆ ಮನೆಯಲ್ಲಿ ಶತ್ರು ಸೈನಿಕರು ಇದ್ದು ಹೋಗಿದ್ದರು. ಅಂಗಳದ ಕೆಸರಿಗೆ ಕಾಲಿಡಲು ಅವನ ಕ್ಯಾನ್ವಾಸುಗಳನ್ನೇ ಹಾಸಿಕೊಂಡಿದ್ದರು. ವರ್ಷಗಟ್ಟಲೆ ಕೆಲಸ ಬೂಟಿನಡಿ ಹೋಯಿತು. ನನಗೆ ಇವರೆಲ್ಲರಲ್ಲಿ ಪಿಸಾರೊನೇ ಇಷ್ಟ. ಗುಂಪು ಮುಂದೆ ಎಂಟು ಪ್ರದರ್ಶನ ಮಾಡಿತು. ಎಂಟಕ್ಕೂ ಚಿತ್ರ ಕೊಟ್ಟವನು ಅವನೊಬ್ಬನೇ.

ಮೊದಲನೆಯದು 1874ರ ಏಪ್ರಿಲ್ 15ಕ್ಕೆ. ಸಲೋನಿನ ಸಹವಾಸವೇ ಬೇಡ ಅಂತ ಚೀಟಿ ಹಾಕಿದ ಹಾಗೆ ವರ್ಷಕ್ಕೆ ತಲಾ 60 ಫ್ರಾಂಕ್ ಹಾಕಿ ಸಂಘ ಕಟ್ಟಿಕೊಂಡರು. ನಾದಾರ್ ಅನ್ನುವ ಫೋಟೋಗ್ರಾಫರನ ಹಳೇ ಸ್ಟುಡಿಯೋ ಸಿಕ್ಕಿತು. ಟಿಕೆಟ್ ಒಂದು ಫ್ರಾಂಕ್. ಕೆಲಸಕ್ಕೆ ಹೋಗುವವರೂ ಬರಲಿ ಅಂತ ರಾತ್ರಿ 8ರಿಂದ 10ರ ತನಕವೂ ತೆರೆದಿಟ್ಟರು. ಬಂದವರು ಸುಮಾರು 3500 ಜನ, ಅದರಲ್ಲಿ ನಗೋಕೆ ಬಂದವರು ಎಷ್ಟೋ.

ಮೋನೆ ಅಲ್ಲಿ ಲ ಹಾವ್ರ್ ಬಂದರಿನ ಒಂದು ಬೆಳಗು ಇಟ್ಟಿದ್ದ. ಬೂದು ನೀಲಿ ಮಂಜು, ಎರಡು ದೋಣಿ, ಕುಂಕುಮದ ಬೊಟ್ಟಿನಂಥ ಸೂರ್ಯ. ಪಟ್ಟಿ ಮಾಡುತ್ತಿದ್ದ ರೆನ್ವಾರನ ತಮ್ಮ ಹೆಸರೇನು ಹಾಕಲಿ ಅಂದ. ಇದನ್ನು ಬಂದರಿನ ದೃಶ್ಯ ಅನ್ನೋಕಾಗಲ್ಲ, ‘ಇಂಪ್ರೆಷನ್’ ಅಂತ ಹಾಕು ಅಂದನಂತೆ ಮೋನೆ, ಅಂದರೆ ಮನಸ್ಸಿಗೆ ಬಿದ್ದ ಛಾಪು. ಹತ್ತು ದಿನಕ್ಕೆ ‘ಲ ಶಾರಿವಾರಿ’ ಅನ್ನುವ ನಗೆಪತ್ರಿಕೆಯಲ್ಲಿ ಲೂಯಿ ಲೆರ್ವಾ ಬರೆದ. ಗೋಡೆಗೆ ಅಂಟಿಸುವ ಕಾಗದ, ಅದೂ ಇನ್ನೂ ತಯಾರಾಗುತ್ತಿರುವಾಗಲೇ, ಇದಕ್ಕಿಂತ ಪೂರ್ತಿಯಾಗಿರುತ್ತದೆ ಅಂತ. ನಿಮ್ಮ ಭಾವನ ಮಾತೇ ಅಲ್ವಾ? ಲೆರ್ವಾ ಅಣಕಿಸಿ ಇಟ್ಟ ‘ಇಂಪ್ರೆಷನಿಸ್ಟರು’ ಅನ್ನುವ ಅಡ್ಡಹೆಸರೇ ಉಳಿಯಿತು. ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಸಂಘದ ಒಬ್ಬೊಬ್ಬರ ತಲೆ ಮೇಲೂ 184 ಫ್ರಾಂಕ್ 50 ಸಾಂತೀಮ್ ಸಾಲ. ಸಂಘ ಮುಚ್ಚಿದರು. ಮಾರನೇ ವರ್ಷ ಹರಾಜಿಗಿಟ್ಟರೆ ಅಲ್ಲಿ ಕೂಗಾಟವಾಗಿ ಪೊಲೀಸರು ಬರಬೇಕಾಯಿತು.

ಹಾಗಾದರೆ ಈ ಚಿತ್ರಗಳು ಷಿಕಾಗೋಕ್ಕೆ ಹೇಗೆ ಬಂದವು ಅಂತ ನೀನು ಕೇಳಬೇಕು. ಒಬ್ಬ ವ್ಯಾಪಾರಿಯ ಹಟದಿಂದ. ಹೆಸರು ಪಾಲ್ ದುರಾಂ ರುಯೆಲ್. ಮೋನೆ, ಪಿಸಾರೊ ಅವನಿಗೆ ಸಿಕ್ಕಿದ್ದು ಅದೇ ಯುದ್ಧದ ಕಾಲದಲ್ಲಿ, ಲಂಡನ್ನಿನಲ್ಲಿ. ಆಸಾಮಿ ಕಟ್ಟಾ ಕ್ಯಾಥೊಲಿಕ್, ರಾಜನೇ ಬೇಕು ಅನ್ನುವ ಪೈಕಿ. ಪಿಸಾರೊ ನೋಡಿದರೆ ಸರ್ಕಾರವೇ ಬೇಡ ಅನ್ನುವವನು. ಆದರೂ ಕೊಂಡ, ಕೊಂಡ, ಗೋದಾಮು ತುಂಬಿತು, ಅವನಿಂದ ಕೊಳ್ಳುವವರಿಲ್ಲ. 1882ರಲ್ಲಿ ಸಾಲ ಕೊಟ್ಟಿದ್ದ ಬ್ಯಾಂಕ್ ಮುಳುಗಿ ಇವನೂ ಮುಳುಗುವ ಹಾಗಾದ. ಸಂತ ಅಂತ ಹೇಳುತ್ತಿಲ್ಲ, ಇವರ ಚಿತ್ರವೆಲ್ಲ ತನ್ನ ಕೈಯಲ್ಲೇ ಇರಲಿ ಅನ್ನುವ ಲೆಕ್ಕಾಚಾರವೂ ಇತ್ತು. 1886ರಲ್ಲಿ ಸುಮಾರು 300 ಚಿತ್ರ ಹಡಗಿಗೆ ಹಾಕಿಕೊಂಡು ನ್ಯೂಯಾರ್ಕಿಗೆ ಬಂದ. ಪ್ಯಾರಿಸ್ಸಿನವರ ಹಾಗೆ ಇಲ್ಲಿಯವರು ನಗಲಿಲ್ಲ, ನೋಡಿದರು, ದುಡ್ಡು ಬಿಚ್ಚಿದರು.

ಮೆದೆಗಳಿಗೆ ಬರುತ್ತೇನೆ. 1890ರ ಹೊತ್ತಿಗೆ ಮೋನೆ ಜಿವರ್ನಿ ಹಳ್ಳಿಯಲ್ಲಿದ್ದ. ಮೆದೆ ಇದ್ದದ್ದು ಪಕ್ಕದ ರೈತನ ಹೊಲದಲ್ಲಿ. ಬಿಸಿಲಿಗೊಂದು, ಮೋಡಕ್ಕೊಂದು, ಎರಡು ಕ್ಯಾನ್ವಾಸ್ ಸಾಕು ಅಂದುಕೊಂಡು ಹೋದನಂತೆ. ಬೆಳಕು ನಿಲ್ಲಬೇಕಲ್ಲ? ಇನ್ನೊಂದು ತಾ, ಮತ್ತೊಂದು ತಾ ಅಂತ ಹೆಂಡತಿಯ ಕಡೆಯ ಮಗಳು ಬ್ಲಾಂಶ್‌ಳನ್ನು ಮನೆಗೆ ಓಡಿಸಿದನಂತೆ. ಸೂರ್ಯ ಎಷ್ಟು ಬೇಗ ಇಳಿಯುತ್ತಾನೆಂದರೆ ಹಿಂದೆ ಓಡೋಕಾಗುತ್ತಿಲ್ಲ ಅಂತ ಸ್ನೇಹಿತನಿಗೆ ಕಾಗದ ಬರೆದ. ಒಟ್ಟು ಸುಮಾರು 25 ಆದವು. 1891ರ ಮೇ ತಿಂಗಳಲ್ಲಿ 15 ಮೆದೆಗಳನ್ನು ದುರಾಂ ರುಯೆಲ್ ಅಂಗಡಿಯಲ್ಲಿ ತೂಗುಹಾಕಿದರು. ಎಲ್ಲ ಮಾರಿಹೋದವು.

ಕೊಂಡವರಲ್ಲಿ ಷಿಕಾಗೋದ ಬರ್ಥಾ ಪಾಮರ್ ಇದ್ದಳು. ಹೋಟೆಲ್ ಮಾಲೀಕನ ಹೆಂಡತಿ, 1893ರಲ್ಲಿ ಷಿಕಾಗೋದಲ್ಲಿ ನಡೆದ ವಿಶ್ವ ಮೇಳದಲ್ಲಿ ಮಹಿಳಾ ಮಂಡಳಿಗೆ ಅಧ್ಯಕ್ಷೆ. ಒಂದಲ್ಲ, ಹಲವು ಮೆದೆ ಕೊಂಡಳು. ಅವಳ ಮನೆಯಲ್ಲಿದ್ದವು ಕೆಲವು ಈ ಮ್ಯೂಸಿಯಂಗೆ ಸೇರಿದವು. ಅವಳೇ ಕೊಂಡಿದ್ದ ಇನ್ನೊಂದು ಮೆದೆ 2019ರ ಹರಾಜಿನಲ್ಲಿ 11 ಕೋಟಿ ಡಾಲರಿಗೆ ಹೋಯಿತು. ಗೋಧಿ ಬೆಳೆದ ರೈತನ ಹೆಸರು ಯಾವ ಚೀಟಿಯಲ್ಲೂ ಕಾಣಲಿಲ್ಲ.

ಉಳಿದ ಕಡೆ ಹೇಗೆ ಹರಡಿತು ಅನ್ನುವುದು ಇನ್ನೊಂದು ಕಾಗದಕ್ಕಾಗುವಷ್ಟಿದೆ. 1889ರಲ್ಲಿ ಮೆಲ್ಬರ್ನಿನ ಹುಡುಗರು ಸಿಗಾರ್ ಡಬ್ಬದ ಮುಚ್ಚಳಗಳ ಮೇಲೆ ಬಿಡಿಸಿ ‘ಇಂಪ್ರೆಷನ್’ ಅಂತಲೇ ಹೆಸರಿಟ್ಟು ಪ್ರದರ್ಶನ ಮಾಡಿದರು. ಇನ್ನು ಜಪಾನು. ಮೋನೆ ಜಪಾನಿನ ಅಚ್ಚುಚಿತ್ರಗಳನ್ನು ಹುಚ್ಚನ ಹಾಗೆ ಕೂಡಿಡುತ್ತಿದ್ದ, ಮನೆ ತುಂಬ ಅವೇ. ಅದೇ ಹೊತ್ತಿಗೆ ಕುರೋಡಾ ಸೇಕಿ ಅನ್ನುವವನು ಕಾನೂನು ಓದೋಕೆ ಅಂತ ಪ್ಯಾರಿಸ್ಸಿಗೆ ಬಂದು, ಚಿತ್ರ ಕಲಿತು, 1893ರಲ್ಲಿ ಟೋಕಿಯೋಗೆ ವಾಪಸ್ ಹೋದ. ಅವನ ಕಡೆಯವರು ನೆರಳಿಗೆ ನೇರಳೆ ಬಳಿಯುತ್ತಾರೆ ಅಂತ ಊರವರು ‘ನೇರಳೆ ಪಂಗಡ’ ಅಂತ ಅಣಕಿಸಿದರು. ನಮ್ಮಲ್ಲೂ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಗುಲ್‌ಮೊಹರ್ ಮರಗಳನ್ನು ಬೀದಿಯಲ್ಲೇ ಕೂತು ಬಿಡಿಸುತ್ತಿದ್ದರು. ಪ್ಯಾರಿಸ್ಸಿನ ಶಿಷ್ಯರು ಅಂತಲ್ಲ, ಆದರೆ ಅವರ ಕೆಂಪು ಹತ್ತಿರ ಹೋಗಿ ನೋಡು, ಅಲ್ಲಿ ಹೂವೇ ಇರುವುದಿಲ್ಲ.

ಸುಗ್ಗಿ ಹೊತ್ತಿಗೆ ಊರಿಗೆ ಬರುತ್ತೇನೆ. ಈಗ ಮಿಷನ್ ಬಂದು ರಾಗಿ ಮೆದೆ ಹಾಕುವವರೇ ಕಮ್ಮಿಯಾಗಿದ್ದಾರೆ ಅಂತ ಅಪ್ಪ ಹೇಳುತ್ತಿದ್ದರು. ಎಲ್ಲಾದರೂ ಒಂದು ಉಳಿದಿದ್ದರೆ ನೋಡಿಟ್ಟಿರು, ಒಕ್ಕಣೆಗೆ ಮುಂಚೆ ಇಬ್ಬರೂ ಹೋಗೋಣ. ನಾಲ್ಕೈದು ಹಾಳೆ ಜಾಸ್ತಿ ತಗೋ. ಕಪ್ಪು ಟ್ಯೂಬ್ ಮನೆಯಲ್ಲೇ ಬಿಟ್ಟು ಬಾ.

ನಿನ್ನ,
ರಘು