ಎತ್ತಿನ ಗೊರಸಿನಿಂದ ಶುರು ಮಾಡು

ಹೊಸನಗರ
ಆರಿದ್ರಾ ಮಳೆ, ಮೂರನೇ ದಿನ

ಪ್ರೀತಿಯ ತಮ್ಮ,

ನಿನ್ನ ಕತೆ ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕರೆಂಟ್ ಇರಲಿಲ್ಲ, ಚಿಮಣಿ ಬೆಳಕಲ್ಲೇ ಮುಗಿಸಿದೆ. ಬಿಡಲಿಕ್ಕೆ ಮನಸ್ಸಾಗಲಿಲ್ಲ ಅಂತ ತಿಳಿದುಕೋ. ಕೆಳದಿ ಚೆನ್ನಮ್ಮ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದು, ಆ ಸಿಟ್ಟಿಗೆ ಔರಂಗಜೇಬ ದಂಡು ಕಳಿಸಿದ್ದು ಎಲ್ಲ ಚೆನ್ನಾಗಿ ಬಂದಿದೆ. ಆದರೆ ದಂಡು ಕಾಡು ಹೊಕ್ಕ ಮೇಲೆ ‘ಆಕಾಶವೇ ಹರಿದು ಬಿದ್ದಂತೆ ಮಳೆ ಸುರಿಯಿತು, ಮೊಗಲರು ಕಂಗೆಟ್ಟರು’ ಅಂತ ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದೀಯಲ್ಲ. ಹೇಗೆ ಕಂಗೆಟ್ಟರು ಮಾರಾಯ? ಮಳೆ ಬಂದರೆ ನೆನೆಯುತ್ತಾರೆ. ನಾವೂ ನೆನೆಯುತ್ತೇವೆ.

ಬೈಯುತ್ತಿಲ್ಲ. ನನ್ನ ಮೊದಲ ಕಾದಂಬರಿಯಲ್ಲಿ ಒಂದು ದಂಡು ಆಷಾಢದಲ್ಲಿ ಹುಲಿಕಲ್ ಘಾಟಿ ಹತ್ತಿ ಮಾರನೇ ಬೆಳಿಗ್ಗೆಯೇ ಯುದ್ಧಕ್ಕೆ ನಿಂತಿತ್ತು. ಅದನ್ನು ಓದಿಸಿ ಕೇಳಿದ ನಮ್ಮ ಮನೆಯ ಗಾಡಿ ಹೊಡೆಯುವಾತ ಒಂದೇ ಪ್ರಶ್ನೆ ಕೇಳಿದ: ‘ಅಯ್ಯ, ರಾತ್ರಿ ಎತ್ತು ಎಲ್ಲಿ ಮಲಗಿದ್ವು?’ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಳೆ ದಂಡಿಗೆ ಹೊಡೆಯುವುದು ನೆತ್ತಿಗಲ್ಲ, ಕಾಲಿಗೆ. ಅದೂ ಎತ್ತಿನ ಕಾಲಿಗೆ. ಮೊಗಲರ ಪಾಳೆಯಕ್ಕೆ ಧಾನ್ಯ ಬರುತ್ತಿದ್ದದ್ದು ಬಂಜಾರರ ಹೇರೆತ್ತುಗಳ ಮೇಲೆ, ದೊಡ್ಡ ತೋಪು ಎಳೆಯುತ್ತಿದ್ದದ್ದೂ ಎತ್ತುಗಳೇ. ಕೆಸರಲ್ಲೇ ನಿಂತು ಗೊರಸು ಮೆತ್ತಗಾದರೆ ತೋಪು ಅಲ್ಲೇ ಹೂತಿತು, ಹಳ್ಳ ತುಂಬಿ ಬಂದರೆ ಅಕ್ಕಿ ಆಚೆ ದಡದಲ್ಲೇ ಉಳಿಯಿತು. ಇನ್ನು ಮದ್ದು. ಆಷಾಢದಲ್ಲಿ ನಿಮ್ಮಮ್ಮನ ಉಪ್ಪಿನ ಮರಿಗೆ ನೋಡಿದ್ದೀಯಲ್ಲ, ಮುಚ್ಚಿಟ್ಟರೂ ನೀರೊಡೆದಿರುತ್ತದೆ. ಕೋವಿಮದ್ದಿನ ಬಹುಪಾಲು ಪೆಟ್ಲುಪ್ಪು, ಅದೂ ಹಾಗೇ ತೇವ ಕುಡಿಯುತ್ತದೆ. ಆಗಿನ ಕೋವಿ ಹಾರಬೇಕಾದರೆ ಉರಿಯುವ ಬತ್ತಿ ಬೇರೆ ಬೇಕು. ನಮ್ಮ ಒಲೆಯೇ ಹೊತ್ತದ ದಿನಗಳಲ್ಲಿ ಆ ಬತ್ತಿಯನ್ನು ಯಾರು ಕಾಯಬೇಕು? ನಿನ್ನ ಕತೆಯಲ್ಲಿ ಆ ಬತ್ತಿ ಕಾಯುವ ಹುಡುಗ ಯಾಕಿಲ್ಲ?

ಸಹ್ಯಾದ್ರಿಯ ಮಳೆ ಏನು ಮಾಡುತ್ತದೆಂದು ತಿಳಿಯಲು ಮಹಾರಾಷ್ಟ್ರದ ವಿಶಾಲಗಡ ಕೋಟೆಯ ಲೆಕ್ಕ ನೋಡು. 1702ರ ಜೂನ್‌ನಲ್ಲಿ ಔರಂಗಜೇಬನಿಗೆ ಕೋಟೆ ಸಿಕ್ಕಿತು. ಅಲ್ಲಿಂದ ಪನ್ಹಾಳದ ಕೋಟೆಗೆ ಸುಮಾರು 30 ಮೈಲಿ, ನಮ್ಮ ಶಿವಮೊಗ್ಗದಿಂದ ತೀರ್ಥಹಳ್ಳಿಯಷ್ಟೂ ದೂರವಿಲ್ಲ. ದಂಡು ಅಷ್ಟು ನಡೆಯಲು 38 ದಿನ ತೆಗೆದುಕೊಂಡಿತು. ದಿನಕ್ಕೆ ಒಂದೂಕಾಲು ಕಿಲೋಮೀಟರ್! ಗೆದ್ದು ಮರಳುತ್ತಿದ್ದ ದಂಡು ಅದು, ಸೋತದ್ದಲ್ಲ.

ಅದಕ್ಕೂ ಮೊದಲು, 1700ರ ಅಕ್ಟೋಬರ್‌ನಲ್ಲಿ, ಖವಾಸಪುರದಲ್ಲಿದ್ದ ಔರಂಗಜೇಬನ ಪಾಳೆಯಕ್ಕೆ ರಾತ್ರೋರಾತ್ರಿ ಮಾಣ ನದಿಯ ನೆರೆ ನುಗ್ಗಿತು. ಕೂಗಾಟ ಕೇಳಿ ಮರಾಠರೇ ಬಿದ್ದರೆಂದು ಗಡಬಡಿಸಿ ಎದ್ದ ಬಾದಶಹ ಕಾಲು ಜಾರಿ ಬಿದ್ದ, ಮಂಡಿ ತಪ್ಪಿತು. ಎಂಬತ್ತು ದಾಟಿದ ಮುದುಕ. ಸಾಯುವವರೆಗೂ ಕುಂಟಿದ. ನೀರಿನ ಸದ್ದನ್ನು ವೈರಿಯ ಸದ್ದು ಅಂದುಕೊಂಡನಲ್ಲ, ಆ ಒಂದು ಗಳಿಗೆಗೆ ನಾನಾದರೆ ಹತ್ತು ಪುಟ ಕೊಡುತ್ತಿದ್ದೆ.

ಹಾಗಂತ ಮಳೆಗೆ ಪಟ್ಟ ಕಟ್ಟಿಬಿಡಬೇಡ. ‘ಮಳೆಯೇ ಗೆದ್ದಿತು’ ಅಂತ ಬರೆದರೆ ಚೆನ್ನಮ್ಮನ ಜನಕ್ಕೆ ಅವಮಾನ. ಮಳೆ ಇಬ್ಬರ ಮೇಲೂ ಬಿತ್ತು. ಇವರ ಅಟ್ಟದಲ್ಲಿ ಕಟ್ಟಿಗೆ ಇತ್ತು, ಮೈಮೇಲೆ ಕಂಬಳಿಕೊಪ್ಪೆ ಇತ್ತು, ಹಳ್ಳ ದಾಟುವ ಯಾವ ಸಂಕ ಕಿತ್ತರೆ ಯಾವ ದಾರಿ ಮುಚ್ಚುತ್ತದೆ ಅನ್ನುವುದು ಗೊತ್ತಿತ್ತು. ಅಷ್ಟೇ ವ್ಯತ್ಯಾಸ. ಮಳೆಗಾಲದ ಕೋಟೆಗೆ ಬೇಸಿಗೆಯೂ ಇದೆಯಲ್ಲ: 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು, ಅಂದರೆ ಈಗಿನ ನಗರ, ಹಿಡಿದದ್ದು ಮಳೆ ಶುರುವಾಗುವ ಮೊದಲೇ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಇಂಗ್ಲಿಷರ ಕಾರ್ನ್‌ವಾಲಿಸ್ ಪೆಟ್ಟು ತಿಂದೇ ಕಲಿತ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದು, ಮಳೆಗೆ ಸಿಕ್ಕಿ, ಎತ್ತುಗಳು ಸತ್ತು, ಮುತ್ತಿಗೆಯ ತೋಪುಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಮರಳಿದ. ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ, ನೆಲ ಒಣಗಿದ ಮೇಲೆ.

ಕತೆ ಸದ್ಯ ಯಾರಿಗೂ ಕಳಿಸಬೇಡ. ಪುಷ್ಯ ಮಳೆ ಹಿಡಿದಾಗ ಇಲ್ಲಿಗೆ ಬಾ, ನಗರದ ಕೋಟೆಗೆ ನಡೆದುಕೊಂಡೇ ಹೋಗೋಣ. ಒಂದು ಬೆಂಕಿಪೊಟ್ಟಣ ಜೇಬಲ್ಲಿಟ್ಟುಕೋ, ಕೋಟೆ ಬಾಗಿಲಲ್ಲಿ ಗೀರಿ ನೋಡುವೆಯಂತೆ. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ನಾನು ತಂದಿರುತ್ತೇನೆ.

ನಿನ್ನ ಅಣ್ಣ